ಎಂಟು ವರ್ಷ, ಮೂರು ಬ್ಯಾಚು: ಅಮೆರಿಕದ ಎಂಡಿ-ಪಿಎಚ್‌ಡಿ ಒಳಗೆ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಎಂಡಿ ಎಂದರೆ ಎಂಬಿಬಿಎಸ್ ಆದ ಮೇಲೆ ಮಾಡುವ ಪಿಜಿ. ಅಮೆರಿಕದ ಎಂಡಿ ನಮ್ಮ ಎಂಬಿಬಿಎಸ್‌ನ ಜಾಗದಲ್ಲಿರುವ ಮೊದಲ ವೈದ್ಯಕೀಯ ಪದವಿ. ಅದಕ್ಕೆ ಸೇರುವ ಮುಂಚೆ ನಾಲ್ಕು ವರ್ಷದ ಬೇರೊಂದು ಡಿಗ್ರಿ ಮುಗಿದಿರಬೇಕು. ಆ ಎಂಡಿಯನ್ನು ನಡುವೆ ಬಿಚ್ಚಿ, ಒಂದು ಪೂರ್ತಿ ಪಿಎಚ್‌ಡಿ ಇಟ್ಟು, ಮತ್ತೆ ಹೊಲಿದರೆ ಅದು ಎಂಡಿ-ಪಿಎಚ್‌ಡಿ. ಸರಾಸರಿ ಎಂಟು ವರ್ಷ ಹಿಡಿಯುತ್ತದೆ. ಇಪ್ಪತ್ತಮೂರಕ್ಕೆ ಸೇರಿದವರು ಹೊರಬರುವಾಗ ಮೂವತ್ತೊಂದು, ರೆಸಿಡೆನ್ಸಿ (ನಮ್ಮ ಪಿಜಿಯಂತೆ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿ) ಆಮೇಲೆ. ಮಗಳು ಅಮೆರಿಕದಲ್ಲಿ ಈ ಕೋರ್ಸಿನಲ್ಲಿದ್ದರೆ, ಮದುವೆ ಮನೆಯಲ್ಲಿ ಯಾರಾದರೂ 'ಅವಳ ಓದು ಇನ್ನೂ ಮುಗಿದಿಲ್ವಾ?' ಎಂದಾಗ ಅಪ್ಪ-ಅಮ್ಮ ತಡವರಿಸುವುದು ಸಹಜ.

ಕಾಲೇಜುಗಳ ಕೈಪಿಡಿಗಳು ಫೀಸ್ ಮಾಫಿಯನ್ನೂ ದೊಡ್ಡ ದೊಡ್ಡ ಲ್ಯಾಬುಗಳನ್ನೂ ತೋರಿಸುತ್ತವೆ. ಅವು ಸುಳ್ಳಲ್ಲ. ಆದರೆ ಹೊಲಿಗೆ ಬಿಡುವುದು ಯಾವಾಗಲೂ ಜೋಡಿಸಿದ ಕಡೆ. ಕ್ಲಾಸಿನಿಂದ ಲ್ಯಾಬಿಗೆ ಹೋಗುವಾಗ ಒಂದು ಜೋಡಣೆ, ಲ್ಯಾಬಿನಿಂದ ವಾರ್ಡಿಗೆ ಮರಳುವಾಗ ಇನ್ನೊಂದು. ಈ ಲೇಖನದ ಬಹುಪಾಲು ಆ ಎರಡು ಕಡೆಗಳ ಬಗ್ಗೆಯೇ.

ಎಲ್ಲಿಂದ ಬಂತು, ಯಾರಿಗೆ ಸಿಗುತ್ತದೆ

ಅಮೆರಿಕದಲ್ಲಿ ಈ ಜೋಡಿ ಪದವಿಯನ್ನು ಮೊದಲು ಶುರು ಮಾಡಿದ್ದು ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿರುವ ಇಂದಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ, 1956ರಲ್ಲಿ. 1998ರ ನೊಬೆಲ್ ಪಡೆದ ಫೆರಿದ್ ಮುರಾದ್, 1994ರ ನೊಬೆಲ್ ಪಡೆದ ಆಲ್ಫ್ರೆಡ್ ಗಿಲ್ಮನ್ ಇಬ್ಬರೂ ಅಲ್ಲಿಂದಲೇ ಹೊರಬಂದವರು. 1964ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇದಕ್ಕೆ ನೇರ ಅನುದಾನ ಕೊಡಲು ಆರಂಭಿಸಿತು. ಮೊದಲು ಸಿಕ್ಕಿದ್ದು ಮೂರೇ ಕಾಲೇಜುಗಳಿಗೆ: ಆಲ್ಬರ್ಟ್ ಐನ್‌ಸ್ಟೈನ್, ನಾರ್ತ್‌ವೆಸ್ಟರ್ನ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯ. ಈಗ ಐವತ್ತಕ್ಕೂ ಹೆಚ್ಚು ಕಾಲೇಜುಗಳಿಗೆ ಸಿಗುತ್ತಿದೆ. ಈ ಅನುದಾನವಿರುವ ಕಾರ್ಯಕ್ರಮಕ್ಕೆ ಎಂಎಸ್‌ಟಿಪಿ ಎನ್ನುತ್ತಾರೆ.

ಖಾಸಗಿ ಕಾಲೇಜಿನಲ್ಲಿ ಎಂಡಿ ಫೀಸೇ ವರ್ಷಕ್ಕೆ 60,000 ಡಾಲರ್ ದಾಟುವ ದೇಶದಲ್ಲಿ, ಎಂಎಸ್‌ಟಿಪಿ ವಿದ್ಯಾರ್ಥಿ ಫೀಸ್ ಕಟ್ಟುವುದಿಲ್ಲ. ತಿರುಗಿ ಸ್ಟೈಪೆಂಡ್ ಪಡೆಯುತ್ತಾನೆ. 2024ರ ಆರ್ಥಿಕ ವರ್ಷಕ್ಕೆ ಎನ್‌ಐಎಚ್ ನಿಗದಿ ಮಾಡಿದ ಮೊತ್ತ ವರ್ಷಕ್ಕೆ 28,224 ಡಾಲರ್. ದುಬಾರಿ ಊರುಗಳ ಕಾಲೇಜುಗಳು ಅದರ ಮೇಲೆ ತಮ್ಮ ಕೈಯಿಂದ ಸೇರಿಸಿ ಕೊಡುತ್ತವೆ.

ಇಲ್ಲಿ ಕನ್ನಡದ ಓದುಗರು ಗಮನಿಸಬೇಕಾದ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎನ್‌ಐಎಚ್‌ನ ಈ ಹಣ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿರುವವರನ್ನು ತೆಗೆದುಕೊಳ್ಳಬೇಕೆಂದರೆ ಕಾಲೇಜು ಸ್ವಂತ ಹಣ ಹಾಕಬೇಕು. ಹಾಗೆ ಮಾಡುವ ಕಾಲೇಜುಗಳು ಕಡಿಮೆ. ಇಲ್ಲಿ ಎಂಬಿಬಿಎಸ್ ಮುಗಿಸಿದವರಿಗಂತೂ ಇದು ದಾರಿಯೇ ಅಲ್ಲ, ಅವರಲ್ಲಿ ಮೊದಲ ವೈದ್ಯಕೀಯ ಪದವಿ ಆಗಲೇ ಇದೆಯಲ್ಲ. ಅವರು ಲೈಸೆನ್ಸ್ ಪರೀಕ್ಷೆಗಳನ್ನು ಬರೆದು ರೆಸಿಡೆನ್ಸಿಗೆ ಹೋಗಿ, ಅಲ್ಲಿ ಸಂಶೋಧನೆಯ ಹಾದಿ ಹಿಡಿಯುತ್ತಾರೆ, ಇಲ್ಲವೇ ಬರೀ ಪಿಎಚ್‌ಡಿಗೆ ಸೇರುತ್ತಾರೆ. ಬೆಂಗಳೂರಿನ ಐಐಎಸ್‌ಸಿ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳ 425 ಕೋಟಿ ರೂಪಾಯಿ ದೇಣಿಗೆಯೊಂದಿಗೆ ಪ್ರಕಟಿಸಿದ ವೈದ್ಯಕೀಯ ಶಾಲೆಯ ಯೋಜನೆಯಲ್ಲೂ ಎಂಡಿ-ಪಿಎಚ್‌ಡಿ ಇದೆ. ಆದರೆ ಅದು ಎಂಬಿಬಿಎಸ್ ನಂತರದ ಪಿಜಿ ಜೊತೆ ಪಿಎಚ್‌ಡಿ. ಹೆಸರು ಒಂದೇ, ಬಟ್ಟೆಯ ಅಳತೆ ಬೇರೆ.

ಅರ್ಜಿಯ ವಿಷಯದಲ್ಲಿ ಒಂದೇ ಮಾತು. ಸಾಮಾನ್ಯ ಎಂಡಿ ಅರ್ಜಿಯ 5,300 ಅಕ್ಷರಗಳ ಸ್ವವಿವರಣೆಯ ಜೊತೆ ಇನ್ನೆರಡು ಬರಹ ಕೊಡಬೇಕು: ಎರಡೂ ಪದವಿ ಏಕೆ ಎಂಬುದಕ್ಕೆ 3,000 ಅಕ್ಷರ, ಮಾಡಿದ ಸಂಶೋಧನೆಗೆ 10,000 ಅಕ್ಷರ. ತೂಕ ಇರುವುದು ಮೂರನೆಯದಕ್ಕೆ. ಹಲವರು ಅಲ್ಲಿ ಲ್ಯಾಬಿನ ಸಾಧನೆಯನ್ನೆಲ್ಲ ಬರೆದು, ತಾವು ಸ್ವತಃ ಕೈಯಾರೆ ಮಾಡಿದ್ದೇನು, ಏನು ಕೆಟ್ಟಿತು, ಕೆಟ್ಟಾಗ ಏನು ಯೋಚಿಸಿದರು ಎಂಬುದನ್ನೇ ಬಿಟ್ಟುಬಿಡುತ್ತಾರೆ. ಸಂದರ್ಶನದಲ್ಲಿ ಕೇಳುವುದು ಅದನ್ನೇ.

ಮೊದಲ ಬ್ಯಾಚು ಮುಂದೆ ಹೋಗುತ್ತದೆ

ಹೆಚ್ಚಿನ ಕಡೆ ವಿನ್ಯಾಸ ಎರಡು-ನಾಲ್ಕು-ಎರಡು. ಒಂದೂವರೆಯಿಂದ ಎರಡು ವರ್ಷ ವೈದ್ಯಕೀಯದ ಕ್ಲಾಸುಗಳು, ನಾಲ್ಕು ವರ್ಷದ ಆಸುಪಾಸು ಪಿಎಚ್‌ಡಿ, ಕೊನೆಯ ಎರಡು ವರ್ಷ ಆಸ್ಪತ್ರೆ. ಕಾಗದದ ಮೇಲೆ ನೀಟಾಗಿ ಕಾಣುತ್ತದೆ. ಬದುಕುವವರಿಗೆ ಇದರ ಅರ್ಥ ಬೇರೆ. ನೂರೈವತ್ತು ಜನರ ಎಂಡಿ ಕ್ಲಾಸಿನಲ್ಲಿ ಹತ್ತೋ ಹನ್ನೆರಡೋ ಜನ ಈ ಕಾರ್ಯಕ್ರಮದವರು. ಅನಾಟಮಿ ಟೇಬಲ್ಲಿನಲ್ಲಿ ಜೊತೆಗೆ ನಿಂತವರು, ಪರೀಕ್ಷೆಯ ಹಿಂದಿನ ರಾತ್ರಿ ಜೊತೆಗೆ ಓದಿದವರು ಎಲ್ಲರೂ ಒಟ್ಟಿಗೆ ವಾರ್ಡಿಗೆ ಹೋಗುತ್ತಾರೆ. ಇವರು ಲ್ಯಾಬಿಗೆ ಹೋಗುತ್ತಾರೆ, ಅಲ್ಲಿನ ಪಿಎಚ್‌ಡಿ ಬ್ಯಾಚಿನ ಗುಂಪುಗಳು ಆಗಲೇ ಕೂಡಿಕೊಂಡಿರುತ್ತವೆ. ನಾಲ್ಕು ವರ್ಷ ಬಿಟ್ಟು ವಾರ್ಡಿಗೆ ಬಂದಾಗ ಮೂರನೇ ಬ್ಯಾಚು: ಇವರಿಗಿಂತ ನಾಲ್ಕೈದು ವರ್ಷ ಕಿರಿಯರು. ಎಂಟು ವರ್ಷಗಳಲ್ಲಿ ಮೂರು ಸಲ ಹೊಸಬರಾಗಬೇಕು. ಈ ಮೂರರಲ್ಲೂ ಬದಲಾಗದೆ ಉಳಿಯುವ ಗುಂಪೆಂದರೆ ಕಾರ್ಯಕ್ರಮದ್ದೇ. ಹಾಗಾಗಿ ತಿಂಗಳ ಊಟ, ವಾರ್ಷಿಕ ರಿಟ್ರೀಟ್, ಸೀನಿಯರ್-ಜೂನಿಯರ್ ಜೋಡಿ ಇವನ್ನೆಲ್ಲ ಮೋಜಿನ ಲೆಕ್ಕಕ್ಕೆ ಹಾಕುವುದು ತಪ್ಪು. ಅವಿಲ್ಲದ ಕಡೆ ಮೂರನೇ, ನಾಲ್ಕನೇ ವರ್ಷದ ಹೊತ್ತಿಗೆ ವಿದ್ಯಾರ್ಥಿ ಲ್ಯಾಬಿನ ಮೂಲೆಯಲ್ಲಿ ಒಬ್ಬಂಟಿಯಾಗುತ್ತಾನೆ, ತಾನು ಯಾಕೆ ಇಲ್ಲಿಗೆ ಬಂದೆ ಎನ್ನುವುದು ಮರೆಯತೊಡಗುತ್ತದೆ.

ಲ್ಯಾಬ್ ಆರಿಸುವ ಕೆಲಸ ಮೊದಲ ಕ್ಲಾಸಿಗೂ ಮುಂಚೆ ಶುರುವಾಗುತ್ತದೆ. ಎಂಡಿ ಕ್ಲಾಸು ಆಗಸ್ಟಿನಲ್ಲಾದರೆ ಇವರು ಜೂನ್, ಜುಲೈಗೇ ಬಂದು ಮೊದಲ ರೊಟೇಶನ್ ಮಾಡುತ್ತಾರೆ. ಒಂದು ಲ್ಯಾಬಿನಲ್ಲಿ ಆರರಿಂದ ಹತ್ತು ವಾರ. ಮುಂದಿನ ಬೇಸಿಗೆಗೆ ಇನ್ನೊಂದು, ಬೇಕಾದರೆ ಮೂರನೆಯದು. ಇಷ್ಟು ಕಡಿಮೆ ಸಮಯದಲ್ಲಿ ಪ್ರಯೋಗದ ಫಲಿತಾಂಶ ಹುಡುಕುವುದು ವ್ಯರ್ಥ, ನೋಡಬೇಕಾದದ್ದು ಗೈಡನ್ನು. ಈ ಲ್ಯಾಬಿನಿಂದ ಕಳೆದ ಐದು ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಹೊರಬಂದರು, ಈಗ ಎಲ್ಲಿದ್ದಾರೆ? ಗೈಡಿನ ಅನುದಾನ ಇನ್ನೆಷ್ಟು ವರ್ಷ ಇದೆ? ಪಿಎಚ್‌ಡಿಯ ವರ್ಷಗಳಲ್ಲಿ ಸಾಮಾನ್ಯವಾಗಿ ಸ್ಟೈಪೆಂಡ್ ಬರುವುದು ಆ ಅನುದಾನದಿಂದಲೇ ಆದ್ದರಿಂದ, ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ವಾರಕ್ಕೆ ಅರ್ಧ ದಿನ ಕ್ಲಿನಿಕ್ಕಿಗೆ ಹೋಗುತ್ತೇನೆ ಎಂದರೆ ಗೈಡಿನ ಮುಖ ಹೇಗಾಗುತ್ತದೆ? ಎಂಡಿ-ಪಿಎಚ್‌ಡಿ ವಿದ್ಯಾರ್ಥಿಯನ್ನು ಹಿಂದೆ ತೆಗೆದುಕೊಂಡಿಲ್ಲದ ಗೈಡ್ ಕೆಟ್ಟವರೇನಲ್ಲ. ಆದರೆ 'ಇನ್ನೊಂದು ಆರು ತಿಂಗಳು ಇರು, ಪೇಪರ್ ಮುಗಿಸು' ಎನ್ನುವ ಮಾತಿಗೆ ಇವರ ವಿಷಯದಲ್ಲಿ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಆ ಬೆಲೆ ಏಕೆಂದು ನೋಡಿ. ವಾರ್ಡಿನ ವರ್ಷ ಶುರುವಾಗುವುದು ನಿಗದಿಯಾದ ದಿನ. ಕೆಲವು ಕಾಲೇಜುಗಳು ವರ್ಷದಲ್ಲಿ ಎರಡು ಮೂರು ಪ್ರವೇಶದ ದಿನ ಕೊಡುತ್ತವೆ, ಕೆಲವು ಒಂದೇ. ಥೀಸಿಸಿನ ಕೊನೆಯ ಮೌಖಿಕ ಪರೀಕ್ಷೆ ಎರಡು ತಿಂಗಳು ತಡವಾದರೆ, ಒಂದೇ ಬಾಗಿಲಿರುವ ಕಾಲೇಜಿನಲ್ಲಿ ಪೂರ್ತಿ ವರ್ಷ ಹೋಯಿತು. ಇನ್ನು ತಡವಾಗುವುದು ಸೋಮಾರಿತನದಿಂದಲೇ ಎಂದುಕೊಳ್ಳಬೇಡಿ, ಇಲಿಗಳ ಲೆಕ್ಕವೇ ಸಾಕು. ಒಂದು ನಿರ್ದಿಷ್ಟ ಅಂಗದಲ್ಲಿ ಮಾತ್ರ ಒಂದು ಜೀನ್ ತೆಗೆದ ಇಲಿ ಬೇಕೆಂದರೆ ಎರಡು ತಳಿ ಕೂಡಿಸಬೇಕು. ಗರ್ಭ ಸುಮಾರು 20 ದಿನ, ಹಾಲು ಬಿಡಿಸಲು 21 ದಿನ, ಮರಿ ಹಾಕುವ ವಯಸ್ಸಿಗೆ ಆರರಿಂದ ಎಂಟು ವಾರ. ಒಂದು ಪೀಳಿಗೆಗೆ ಎರಡೂವರೆ ತಿಂಗಳು. ಬೇಕಾದ ಮರಿ ಸಿಗುವುದು ಎರಡನೇ ಪೀಳಿಗೆಯಲ್ಲಿ, ಅದೂ ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದು. ಎಂಟು ಮರಿಯ ಸೂಲಿನಲ್ಲಿ ಎರಡು. ಗಂಡು ಮಾತ್ರ ಬೇಕಾದರೆ ಒಂದು. ಪ್ರಯೋಗಕ್ಕೆ ಬರುವ ಮೊದಲ ಇಲಿ ಕೈಗೆ ಸಿಗಲು ಐದು ತಿಂಗಳು. ನಾಲ್ಕನೇ ವರ್ಷದ ಕೊನೆಗೆ ಪೇಪರ್ ಕಳಿಸಿದಾಗ ವಿಮರ್ಶಕರು 'ಇದನ್ನೇ ವಯಸ್ಸಾದ ಇಲಿಗಳಲ್ಲೂ ತೋರಿಸಿ' ಎಂದರೆ ಒಂದೂವರೆ ವರ್ಷ ಕಾಯಬೇಕು. ಅನುಭವಸ್ಥ ಗೈಡುಗಳು ಇದಕ್ಕೆಂದೇ ಮೊದಲ ವರ್ಷ ಎರಡು ಕೆಲಸ ಒಟ್ಟಿಗೆ ಹಚ್ಚುತ್ತಾರೆ: ಒಂದು ಇಲಿಯದು, ಇನ್ನೊಂದು ಕೋಶಗಳಲ್ಲೋ ಈಗಾಗಲೇ ಇರುವ ದತ್ತಾಂಶದಲ್ಲೋ ಮುಗಿಯುವಂಥದು. ಆರು ತಿಂಗಳಿಗೊಮ್ಮೆ ಥೀಸಿಸ್ ಸಮಿತಿಯನ್ನು ಕೂಡಿಸುವುದೂ ಇದಕ್ಕೇ. ಪ್ರಯೋಗ ಸಾಕು, ಇನ್ನು ಥೀಸಿಸ್ ಬರೆಯಬಹುದು ಎಂದು ಹೇಳಬೇಕಾದವರು ಅವರು. ವರ್ಷಕ್ಕೊಮ್ಮೆ ಮಾತ್ರ ಸೇರುವ ಸಮಿತಿ ಆ ಮಾತನ್ನೂ ಒಂದು ವರ್ಷ ತಡವಾಗಿಯೇ ಹೇಳುತ್ತದೆ.

ಹಣದ ಎರಡು ಬಲೆ

ಈ ವಿದ್ಯಾರ್ಥಿಗಳಿಗೆಂದೇ ಎನ್‌ಐಎಚ್ ಕೊಡುವ ವೈಯಕ್ತಿಕ ಫೆಲೋಶಿಪ್ ಎಫ್30. ಕಾರ್ಯಕ್ರಮಕ್ಕೆ ಸೇರಿ 48 ತಿಂಗಳಾಗುವುದರೊಳಗೆ ಮೊದಲ ಅರ್ಜಿ ಹೋಗಬೇಕು. ವರ್ಷಕ್ಕೆ ಮೂರು ಗಡುವು: ಏಪ್ರಿಲ್ 8, ಆಗಸ್ಟ್ 8, ಡಿಸೆಂಬರ್ 8. ಎರಡು ವರ್ಷ ಕ್ಲಾಸಿನಲ್ಲೇ ಕಳೆಯುವುದರಿಂದ ಲ್ಯಾಬಿಗೆ ಬಂದಾಗ ಉಳಿದಿರುವುದು 24 ತಿಂಗಳು. ಆರಂಭದ ಕೋರ್ಸು, ಅರ್ಹತಾ ಪರೀಕ್ಷೆ ಮುಗಿಸಿ ಒಂದಿಷ್ಟು ಪ್ರಾಥಮಿಕ ಫಲಿತಾಂಶ ಕೂಡಿಸುವಷ್ಟರಲ್ಲಿ ಇನ್ನೊಂದು ವರ್ಷ. ಅಂದರೆ ನಿಜವಾಗಿ ಸಿಗುವ ಅವಕಾಶ ಎರಡೋ ಮೂರೋ. ಅರ್ಹತಾ ಪರೀಕ್ಷೆಗೆ ಬರೆಯುವ ಪ್ರಸ್ತಾವವನ್ನೇ ಎಫ್30 ನಮೂನೆಯಲ್ಲಿ ಬರೆಯುವುದು ಜಾಣತನ: ಗುರಿಗಳಿಗೆ ಒಂದು ಪುಟ, ಸಂಶೋಧನಾ ಯೋಜನೆಗೆ ಆರು ಪುಟ. ಅಂಕ 10ರಿಂದ 90ರವರೆಗೆ, ಕಡಿಮೆ ಬಂದಷ್ಟೂ ಒಳ್ಳೆಯದು. ಸಾಮಾನ್ಯವಾಗಿ ಬೀಳುವುದು ಎರಡು ಕಾರಣಕ್ಕೆ. ಒಂದನೇ ಗುರಿ ಸೋತರೆ ಎರಡನೆಯದೂ ಮಗುಚಿಕೊಳ್ಳುವಂತೆ ಯೋಜನೆ ಕಟ್ಟಿರುತ್ತಾರೆ. ಇಲ್ಲವೇ ತರಬೇತಿಯ ಭಾಗವನ್ನು ಕಾಟಾಚಾರಕ್ಕೆ ಬರೆದಿರುತ್ತಾರೆ; ಇದು ಸಂಶೋಧನೆಗಿಂತ ಹೆಚ್ಚಾಗಿ ಮನುಷ್ಯನನ್ನು ತಯಾರು ಮಾಡಲು ಕೊಡುವ ಹಣ ಎಂಬುದು ನೆನಪಿರುವುದಿಲ್ಲ.

ಎರಡನೇ ಬಲೆ ತೆರಿಗೆ. ಸಂಬಳವಾದರೆ ತೆರಿಗೆ ಮುರಿದುಕೊಂಡೇ ಕೈಗೆ ಬರುತ್ತದೆ. ಫೆಲೋಶಿಪ್ ಸ್ಟೈಪೆಂಡಿನಲ್ಲಿ ಬಹಳ ಕಡೆ ಮುರಿಯುವುದಿಲ್ಲ, ಆದರೆ ಅದಕ್ಕೂ ತೆರಿಗೆ ಇದೆ. ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಮುಂದಿನ ಜನವರಿಯ 15ರಂದು ಅಂದಾಜು ತೆರಿಗೆಯನ್ನು ನಾವೇ ಕಟ್ಟಬೇಕು. ಗೈಡಿನ ಅನುದಾನದಿಂದ ಎಫ್30ಕ್ಕೆ ಬದಲಾದ ತಿಂಗಳು ಕೈಗೆ ಬರುವ ಹಣ ಹೆಚ್ಚಾದಂತೆ ಕಾಣುತ್ತದೆ. ಹಾಗೆ ಕಂಡ ದಿನವೇ ಅದರಲ್ಲೊಂದು ಪಾಲು ಬೇರೆ ಖಾತೆಗೆ ಹಾಕದಿದ್ದರೆ ಮರುವರ್ಷ ಏಪ್ರಿಲ್‌ನಲ್ಲಿ ತೆರಿಗೆ, ದಂಡ ಎರಡೂ ಒಟ್ಟಿಗೆ ಬರುತ್ತವೆ. ಇದನ್ನು ಹೇಳಿಕೊಡುವವರು ಸಾಮಾನ್ಯವಾಗಿ ಪ್ರಾಧ್ಯಾಪಕರಲ್ಲ, ಎರಡು ವರ್ಷ ಸೀನಿಯರ್ ಆದವರು.

ಇನ್ನೊಬ್ಬರ ಬಗ್ಗೆಯೂ ಹೇಳಬೇಕು: ಕಾರ್ಯಕ್ರಮದ ಆಡಳಿತಾಧಿಕಾರಿ. ನಿರ್ದೇಶಕರು ಬದಲಾಗುತ್ತಾರೆ, ಇವರು ಇರುತ್ತಾರೆ. ವಿದ್ಯಾರ್ಥಿ ವೈದ್ಯಕೀಯ ಕಾಲೇಜಿನ ದಾಖಲೆಯಿಂದ ಪಿಎಚ್‌ಡಿ ವಿಭಾಗದ ದಾಖಲೆಗೆ ದಾಟುವ ದಿನ ಕಂಪ್ಯೂಟರಿಗೆ ಆತ ಕಾಲೇಜು ಬಿಟ್ಟವನಂತೆ ಕಾಣುತ್ತಾನೆ. ಆರೋಗ್ಯ ವಿಮೆ ನಿಲ್ಲಬಹುದು, ಗುರುತಿನ ಚೀಟಿ ಬಾಗಿಲು ತೆರೆಯದಿರಬಹುದು, ಹಿಂದಿನ ಡಿಗ್ರಿಗೆ ಮಾಡಿದ ಸಾಲದ ಕಂತು ಶುರುವಾಗಬಹುದು. ಈ ಮೂರನ್ನೂ ದಾಟುವ ಒಂದು ತಿಂಗಳ ಮುಂಚೆಯೇ ಸರಿಮಾಡಿಟ್ಟುಕೊಳ್ಳುವವರು ಅವರು. ಸಂದರ್ಶನಕ್ಕೆ ಹೋದಾಗ ಕಟ್ಟಡಗಳನ್ನು ನೋಡುವುದಕ್ಕಿಂತ ಈ ವ್ಯಕ್ತಿಯ ಜೊತೆ ಹತ್ತು ನಿಮಿಷ ಮಾತಾಡಿದರೆ ಹೆಚ್ಚು ಗೊತ್ತಾಗುತ್ತದೆ. ಹೆರಿಗೆ ರಜೆಯ ವಿಚಾರವನ್ನೂ ಅವರಲ್ಲೇ ಕೇಳಬೇಕು. ಎನ್‌ಐಎಚ್‌ನ ತರಬೇತಿ ಅನುದಾನದಲ್ಲಿ ಮಗು ಹುಟ್ಟಿದಾಗ ಅಥವಾ ದತ್ತು ಪಡೆದಾಗ ತಂದೆ ತಾಯಿ ಯಾರಿಗಾದರೂ 60 ದಿನ ಸ್ಟೈಪೆಂಡ್ ಸಮೇತ ರಜೆ ಇದೆ. ಇಪ್ಪತ್ತಮೂರರಿಂದ ಮೂವತ್ತೊಂದರ ನಡುವೆ ನಡೆಯುವ ಕೋರ್ಸಿನಲ್ಲಿ ಇದು ಸಣ್ಣ ವಿಷಯವಲ್ಲ, ಮಗು ಬಯಸುವವರಲ್ಲಿ ಹಲವರು ಆರಿಸುವುದು ಪಿಎಚ್‌ಡಿಯ ವರ್ಷಗಳನ್ನೇ.

ಸ್ಟೆತಾಸ್ಕೋಪು ಮತ್ತೆ ಕೊರಳಿಗೆ

ಒಳ್ಳೆಯ ಕಾರ್ಯಕ್ರಮಗಳು ಪಿಎಚ್‌ಡಿ ವರ್ಷಗಳಲ್ಲೂ ರೋಗಿಯ ನಂಟು ಕಡಿಯಲು ಬಿಡುವುದಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಅರ್ಧ ದಿನ ಒಬ್ಬರೇ ವೈದ್ಯರ ಕ್ಲಿನಿಕ್ಕಿನಲ್ಲಿ ಕೂರಿಸುತ್ತವೆ. ವಿದ್ಯಾರ್ಥಿಗಳೇ ನಡೆಸುವ ಉಚಿತ ಕ್ಲಿನಿಕ್ಕಿನಲ್ಲಿ ಸರದಿ ಹಾಕುತ್ತವೆ. ತಿಂಗಳಿಗೊಮ್ಮೆ ವಾರ್ಡಿನಲ್ಲಿರುವ ಸೀನಿಯರ್ ಒಬ್ಬ ರೋಗಿಯ ಕಥೆ ಹೇಳುತ್ತಾನೆ, ಅದರ ಹಿಂದಿನ ವಿಜ್ಞಾನವನ್ನು ಲ್ಯಾಬಿನಲ್ಲಿರುವವನು ಬಿಡಿಸುತ್ತಾನೆ, ಮೊದಲ ವರ್ಷದವರು ಕೇಳುತ್ತಾರೆ. ಮೂರು ಹಂತದವರೂ ಒಂದೇ ಕೋಣೆಯಲ್ಲಿ ಕೂರುವ ಅಪರೂಪದ ಗಂಟೆ ಅದು, ಪಿಜ್ಜಾ ಇರುವುದೂ ಹಾಜರಾತಿಗೆ ಒಳ್ಳೆಯದೇ. ಇದರಾಚೆಗೆ ದೇಶಮಟ್ಟದಲ್ಲಿ 2003ರಲ್ಲಿ ಹುಟ್ಟಿದ ಅಮೆರಿಕದ ವೈದ್ಯ-ವಿಜ್ಞಾನಿ ವಿದ್ಯಾರ್ಥಿಗಳ ಸಂಘ ಎಪಿಎಸ್‌ಎ ಇದೆ. ವಸಂತದಲ್ಲಿ ಶಿಕಾಗೋದಲ್ಲಿ ಹಿರಿಯ ವೈದ್ಯ-ವಿಜ್ಞಾನಿಗಳ ಎರಡು ಹಳೆಯ ಸಂಘಗಳೊಂದಿಗೆ ಸೇರಿ ಸಮ್ಮೇಳನ ನಡೆಸುತ್ತಾ ಬಂದಿದೆ.

ಇಷ್ಟಾದರೂ ಮರಳುವ ದಿನ ಕೈ ನಡುಗುತ್ತದೆ. ನಾಲ್ಕು ವರ್ಷ ಪಿಪೆಟ್ ಹಿಡಿದ ಕೈಗೆ ಹೃದಯದ ಸದ್ದು ಕೇಳುವ ಜಾಗ ನೆನಪಿದ್ದರೂ ಔಷಧದ ಪ್ರಮಾಣ ನೆನಪಿರುವುದಿಲ್ಲ. ಅದಕ್ಕೆಂದೇ ಎರಡರಿಂದ ಎಂಟು ವಾರಗಳ ಮರುತರಬೇತಿ ಇಡುತ್ತಾರೆ: ರೋಗಿಯ ಇತಿಹಾಸ ಕೇಳುವುದು, ಪರೀಕ್ಷಿಸುವುದು, ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆಯುವುದು, ರೌಂಡ್ಸಿನಲ್ಲಿ ಐದು ನಿಮಿಷದಲ್ಲಿ ಕೇಸು ಹೇಳುವುದು. ಹೆಚ್ಚು ಜನ ಎಡವುವುದು ಈ ಕೊನೆಯದರಲ್ಲಿ. ಲ್ಯಾಬಿನ ಅಭ್ಯಾಸ ಎಂದರೆ ಎಲ್ಲ ಅನುಮಾನವನ್ನೂ ಹೊರಗಿಟ್ಟು ಮಾತಾಡುವುದು. ವಾರ್ಡಿನಲ್ಲಿ ಮೊದಲು ಕೇಳುವುದು 'ನಿಮ್ಮ ಪ್ರಕಾರ ಏನಾಗಿದೆ, ಇವತ್ತು ಏನು ಮಾಡೋಣ?' ವಾರ್ಡಿನಲ್ಲಿ ಒಂದೊಂದೇ ವಿಭಾಗಕ್ಕೆ ಹೋಗುವ ಸರದಿಗಳಲ್ಲಿ ಮೊದಲನೆಯದರ ಮೌಲ್ಯಮಾಪನದಲ್ಲಿ 'ನಿರ್ಧಾರ ತೆಗೆದುಕೊಳ್ಳಲು ಹಿಂಜರಿಕೆ' ಎಂದು ಬಂದರೆ ಜ್ಞಾನ ಕಡಿಮೆಯಾಯಿತೆಂದು ಹೆದರಬೇಕಾಗಿಲ್ಲ. ಹೋದ ವರ್ಷ ಮರಳಿದವರೇ ಈ ವರ್ಷದವರಿಗೆ ಕೇಸು ಹೇಳುವುದನ್ನು ಅಭ್ಯಾಸ ಮಾಡಿಸುವ ಪದ್ಧತಿ ಇದ್ದಲ್ಲಿ ಇದು ಬೇಗ ಸರಿಹೋಗುತ್ತದೆ. ಮೊದಲ ಸರದಿಗೆ ಮುಂದೆ ಹೋಗಬೇಕೆಂದಿರುವ ವಿಭಾಗವನ್ನು ಹಾಕಿಕೊಳ್ಳಬಾರದು ಎನ್ನುವುದೂ ಅವರ ಬಾಯಿಂದಲೇ ಬರುವ ಬುದ್ಧಿಮಾತು. ಒಮ್ಮೊಮ್ಮೆ ಆದೇಶ ಕೊಡುವ ರೆಸಿಡೆಂಟ್ ಮೊದಲ ಬ್ಯಾಚಿನ ಗೆಳತಿಯೇ ಆಗಿರುತ್ತಾಳೆ. ಅದೊಂದು ಮುಜುಗರ, ಒಂದು ವಾರದಲ್ಲಿ ಕರಗುತ್ತದೆ.

ಕ್ಯಾಲೆಂಡರಿನ ಇನ್ನೊಂದು ಮುಳ್ಳು ಲೈಸೆನ್ಸ್ ಪರೀಕ್ಷೆಗಳದು. ಹಲವು ರಾಜ್ಯಗಳಲ್ಲಿ ಯುಎಸ್‌ಎಂಎಲ್‌ಇ ಎಂಬ ಈ ಪರೀಕ್ಷೆಯ ಮೂರೂ ಹಂತಗಳನ್ನು ಏಳು ವರ್ಷದೊಳಗೆ ಮುಗಿಸಬೇಕೆಂಬ ನಿಯಮವಿದೆ. ಎರಡನೇ ವರ್ಷದ ಕೊನೆಗೆ ಮೊದಲ ಹಂತ ಪಾಸಾದವರಿಗೆ ಪಿಎಚ್‌ಡಿಯ ನಾಲ್ಕು, ವಾರ್ಡಿನ ಎರಡು, ರೆಸಿಡೆನ್ಸಿಯ ಮೊದಲನೆಯದು, ಒಟ್ಟು ಸರಿಯಾಗಿ ಏಳು. ಪಿಎಚ್‌ಡಿ ಒಂದು ವರ್ಷ ಜಾರಿದರೆ ಗಡುವು ದಾಟಿತು. ಜೋಡಿ ಪದವಿಯವರಿಗೆ ವಿನಾಯಿತಿ ಕೊಡುವ ರಾಜ್ಯಗಳು ಸಾಕಷ್ಟಿವೆ, ಆದರೆ ಕೇಳಿ ಪಡೆಯಬೇಕು. ಯಾವ ರಾಜ್ಯದಲ್ಲಿ ಕೆಲಸ ಮಾಡುವಿರೋ ಆ ರಾಜ್ಯದ ಮಂಡಳಿಯ ನಿಯಮವನ್ನು ರೆಸಿಡೆನ್ಸಿಗೆ ಅರ್ಜಿ ಹಾಕುವ ಮೊದಲೇ ಓದಿಟ್ಟುಕೊಳ್ಳಬೇಕು.

ಆ ಅರ್ಜಿ ಹೋಗುವುದು ಕೊನೆಯ ವರ್ಷದ ಸೆಪ್ಟೆಂಬರಿನಲ್ಲಿ, ಫಲಿತಾಂಶ ಮಾರ್ಚಿನ ಮೂರನೇ ಶುಕ್ರವಾರ. ಅಂದು ಮೂರನೇ ಬ್ಯಾಚಿನ ಜೊತೆ ನಿಂತು ಲಕೋಟೆ ಒಡೆಯುವಾಗ ಮೊದಲ ಬ್ಯಾಚಿನ ಕೆಲವರು ಮೂರು ವರ್ಷದ ರೆಸಿಡೆನ್ಸಿಯನ್ನೇ ಮುಗಿಸಿರುತ್ತಾರೆ. ಇವರಲ್ಲಿ ಜನರಲ್ ಮೆಡಿಸಿನ್ ಹಿಡಿಯುವವರಿಗೆ ಸಂಶೋಧನಾ ಮಾರ್ಗ ಎಂಬ ಬೇರೆ ದಾರಿಯಿದೆ: ಮೂರರ ಬದಲು ಎರಡು ವರ್ಷ ಮೆಡಿಸಿನ್, ಆಮೇಲೆ ಉಪವಿಭಾಗದ ಕ್ಲಿನಿಕಲ್ ತರಬೇತಿ, ಮೂರು ವರ್ಷ ಸಂಶೋಧನೆ. ಆ ಮೂರು ವರ್ಷ ಸಮಯದ ಶೇ 80ರಷ್ಟು ಲ್ಯಾಬಿಗೇ ಮೀಸಲು. ಅದಾದ ಮೇಲೆ ಸ್ವಂತ ಲ್ಯಾಬು ಕಟ್ಟಲು ಬೇಕಾಗುವ, ಎನ್‌ಐಎಚ್‌ನ ಕೆ08 ಎಂಬ ಅನುದಾನ ಸಿಕ್ಕರೂ ಶೇ 75 ಸಮಯ ಸಂಶೋಧನೆಗೆ ಎಂದು ವಿಭಾಗ ಬರೆದುಕೊಡಬೇಕು. ರೆಸಿಡೆನ್ಸಿಯ ಸಂದರ್ಶನದಲ್ಲಿ ಇದಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. ಮುಂದಿನ ಪ್ರಶ್ನೆಯನ್ನು ಅಲ್ಲಿ ಎರಡನೇ ವರ್ಷ ಓದುತ್ತಿರುವವರನ್ನು ಕೇಳಿ: ಆಸ್ಪತ್ರೆಯಲ್ಲಿ ಜನ ಸಾಲದ ವಾರ, ಲ್ಯಾಬಿನಲ್ಲಿರುವವರನ್ನು ಎಷ್ಟು ಸಲ ನೈಟ್ ಡ್ಯೂಟಿಗೆ ಕರೆದಿದ್ದಾರೆ?